ಒಂದು ಸಾವಿಗೆ ಎರಡು ದಿನ

ಹೆಡ್‌ಫೋನಿನೊಳಗೆ ತನ್ನದೇ ಉಸಿರು, ಯಾರೋ ಪಕ್ಕದಲ್ಲೇ ಮಲಗಿದ್ದಾರೆ ಎನ್ನುವಷ್ಟು ಹತ್ತಿರ, ಶ್ರೀಯಾ ಉಸಿರು ಬಿಗಿಹಿಡಿದಳು, ಪಕ್ಕದವರೂ ಹಿಡಿದರು, ಬಿಟ್ಟಳು, ಅವರೂ ಬಿಟ್ಟರು — ಗಾಜಿನ ಆಚೆ ರೆಕಾರ್ಡಿಂಗ್ ನೋಡಿಕೊಳ್ಳುವ ಕುನಾಲ್ ಅಂಗೈ ತೋರಿಸಿ ತಡಿ ಎನ್ನುತ್ತಿದ್ದಾನೆ, ಬಾಯಿ ಆಡುತ್ತಿದೆ, ಮಾತು ಕೇಳಿಸುತ್ತಿಲ್ಲ, ಬಟನ್ ಒತ್ತಲು ಮರೆತಿದ್ದಾನೆ, ತೊಟ್ಟಿಯೊಳಗಿನ ಮೀನು ಅವನೋ ತಾನೋ ಹೇಳುವುದು ಕಷ್ಟ, ಗೋಡೆಯ ತುಂಬ ಬೂದು ಬಣ್ಣದ ಸ್ಪಂಜು, ಇಲ್ಲಿ ಕಿರುಚಿದರೂ ದನಿ ಗೋಡೆಯೊಳಗೆ ಇಂಗಿಹೋಗುತ್ತದೆ, ಒನ್-ನಾರ್ತ್‌ನ ಈ ಆಫೀಸಿಗೆ ಸೇರಿದ ಹೊಸದರಲ್ಲಿ ಈ ಕೋಣೆ ಎಂದರೆ ಅವಳಿಗೆ ಉಸಿರು ಕಟ್ಟುತ್ತಿತ್ತು, ಈಗ ಇಡೀ ಸಿಂಗಪುರದಲ್ಲಿ ಇದೊಂದೇ ಹಿತವಾದ ಜಾಗ, ಹೇಗಿದ್ದೀಯಾ ಎಂದು ಯಾರೂ ಕೇಳದ ಜಾಗ. ಎಂಆರ್‌ಟಿ ರೈಲಿನಲ್ಲಿ ಹಿಡಿಕೆಗೆ ಜೋತುಬಿದ್ದು ಆಫೀಸಿಗೆ ಹೋಗುವ ಜನ ಕಿವಿಗೆ ಸಿಕ್ಕಿಸಿಕೊಂಡು ಕೇಳಲಿ ಎಂದು ಅವಳ ಕಂಪನಿ ಸತ್ತ ಲೇಖಕರ ಬದುಕನ್ನು ಅರ್ಧರ್ಧ ಗಂಟೆಯ ತುಂಡುಗಳಾಗಿ ಹೆಚ್ಚಿ ಮಾರುತ್ತದೆ, ಬರೆಯುವವಳೂ ಅವಳೇ, ಓದುವವಳೂ ಅವಳೇ, ಯಾವ ಊರಿನದೂ ಅಲ್ಲದ ಇಂಗ್ಲಿಷಿನಲ್ಲಿ, ಮೊದಮೊದಲು ದನಿಯಲ್ಲಿ ನಡುಕ ಜಾಸ್ತಿ, ಡ್ರಾಮಾ ಜಾಸ್ತಿ ಎಂದು ರಗಳೆ ತೆಗೆಯುತ್ತಿದ್ದ ಕುನಾಲ್ ಹೋದ ವರ್ಷದಿಂದ ಸುಮ್ಮನಾಗಿದ್ದಾನೆ, ಈಗ ನಿನ್ ವಾಯ್ಸ್ ಪರ್ಫೆಕ್ಟ್ ಆಗಿದೆ ಕಣೇ, ಫ್ರಿಜ್ಜಿಂದ ತೆಗ್ದಂಗಿದೆ, ಡಾರ್ಕ್ ಸ್ಟಫ್‌ಗೆ ಇದೇ ಬೇಕಾಗಿತ್ತು ಎಂದ, ಅವನ ಅಪ್ಪ ಅಮ್ಮನೂ ಕನ್ನಡದವರೇ, ಮೈಕ್ ಆಫ್ ಆದ ತಕ್ಷಣ ಇಬ್ಬರೂ ಅರೆಬರೆ ಕನ್ನಡಕ್ಕೆ ಇಳಿಯುತ್ತಾರೆ. ಅಮ್ಮ ಸತ್ತ ಮೇಲೆ ಶ್ರೀಯಾಳಿಗೆ ಅಳು ಬರಲಿಲ್ಲ, ಪ್ರಮೋಷನ್ ಬಂತು. ಇವತ್ತಿನ ಕಂತು ರಷ್ಯನ್ ಮಾಮನದು.

ಆ ಹೆಸರಿಟ್ಟಿದ್ದು ಅಮ್ಮ, ಕೌಸಲ್ಯಾ, ಆ ಲೇಖಕನ ಉದ್ದದ ಹೆಸರು ಬಾಯಲ್ಲಿ ಹೊರಳದೆ, ಯೂನಿವರ್ಸಿಟಿಯ ಕೊನೆಯ ವರ್ಷ ಮಗಳು ಊಟ ನಿದ್ದೆ ಬಿಟ್ಟು ಅವನ ಮೇಲೆ ಥೀಸಿಸ್ ಬರೆಯುತ್ತ ಕೂತಿದ್ದಾಗ ಏನಂತೆ ನಿನ್ ರಷ್ಯನ್ ಮಾಮನ ಸಮಾಚಾರ ಎಂದು ಹಾಲಿನ ಲೋಟ ಇಡುತ್ತ ಕೇಳುತ್ತಿದ್ದಳು — ಕೆಂಪು ದೀಪ ಹತ್ತಿತು, ಓದಬೇಕು, ಶ್ರೀಯಾ ಓದುತ್ತಾಳೆ, ತುಟಿ ಇಂಗ್ಲಿಷ್ ಓದುತ್ತದೆ, ಮನಸ್ಸು ಪಕ್ಕದಲ್ಲೇ ಚಪ್ಪಲಿ ಎಳೆದುಕೊಂಡು ಕನ್ನಡದಲ್ಲಿ ನಡೆಯುತ್ತದೆ — ಬಟ್ಟೆ ಒಗೆಯುವವಳ ಮಗ, ಅಪ್ಪನ ಮುಖ ನೆನಪಿಲ್ಲ, ತಪ್ಪು ಮಾಡಿದರೆ ತಾಯಿ ಕಲ್ಲುಪ್ಪಿನ ಮೇಲೆ ಮಂಡಿ ಊರಿಸುತ್ತಿದ್ದಳು, ಮಾಡದಿದ್ದರೂ ಊರಿಸುತ್ತಿದ್ದಳು, ಇವತ್ತಲ್ಲದಿದ್ದರೆ ನಾಳೆ ಮಾಡುತ್ತಾನಲ್ಲ ಎಂದು, ದೊಡ್ಡವನಾಗಿ ಎಲ್ಲೋ ಮೂಲೆಯ ಊರುಗಳಲ್ಲಿ ಮಕ್ಕಳಿಂದ ಕಾಪಿ ಬರೆಸುವ ಮೇಷ್ಟ್ರಾದ, ಅಕ್ಷರ ದುಂಡಗಿಲ್ಲ ಎಂದು ಅವರ ಬೆರಳ ಗೆಣ್ಣಿಗೆ ಹೊಡೆದ, ಸಂಜೆ ಮನೆಗೆ ಬಂದು ಸಾಯುವ ಮಕ್ಕಳ ಕಥೆ ಬರೆದ, ಅವನ ಕಥೆಗಳಲ್ಲಿ ಎಲ್ಲರಿಗಿಂತ ಒಳ್ಳೆಯವಳು ಸಾವು, ತಣ್ಣನೆಯ ಕೈಯ ನೆರೆಮನೆ ಹೆಂಗಸು, ಬಾಗಿಲು ತಟ್ಟದೆ ಒಳಗೆ ಬಂದು ಒಲೆಯ ಪಕ್ಕ ಕೂರುತ್ತಾಳೆ, ಬದುಕೋ, ಬೆವರು ನಾರುವ ಗಯ್ಯಾಳಿ. ರಾಜಧಾನಿಗೆ ಬಂದ ಮೇಲೆ ಸಂಕೇತವಾದಿಗಳ ಗುಂಪು ಅವನನ್ನು ತಲೆ ಮೇಲೆ ಹೊತ್ತುಕೊಂಡಿತು, ಕಣ್ಣಿಗೆ ಕಾಣುವುದೆಲ್ಲ ಬರೀ ಪರದೆ, ನಿಜ ಇರುವುದು ಅದರ ಹಿಂದೆ ಎನ್ನುವ ಗುಂಪು, ಭಾನುವಾರ ಸಂಜೆ ಅವನ ಮನೆಯಲ್ಲಿ ಸೇರುತ್ತಿದ್ದರು, ಅವನು ಗೋಡೆಯ ಹಾಗೆ ಕೂತು ಓದುತ್ತಿದ್ದ, ಈ ಮನುಷ್ಯ ಹೋಗಿ ಬಹಳ ದಿನವಾಯಿತು, ಅವನಿಗೆ ಯಾರೂ ಹೇಳಿಲ್ಲ ಅಷ್ಟೇ ಎಂದು ಬಂದವರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು, ಅವರಿಗೆಲ್ಲ ಟೀ ಕೊಡುತ್ತಿದ್ದವಳು ಅವನ ಅಕ್ಕ, ಮದುವೆಯಾಗದ ಅಕ್ಕ, ಅವನ ಕಥೆಗಳನ್ನು ಎಲ್ಲರಿಗಿಂತ ಮೊದಲು ಕೇಳುತ್ತಿದ್ದವಳು, ಒಂದು ನವೆಂಬರಿನ ಮಧ್ಯಾಹ್ನ ದಾರ ತರುತ್ತೇನೆಂದು ಹೊರಟು ನದಿಯ ಮೇಲೆ ನಡೆದು ದಾಟಲು ಹೋದಳು, ಮಂಜುಗಡ್ಡೆ ಇನ್ನೂ ಗಟ್ಟಿಯಾಗಿರಲಿಲ್ಲ. ಚಳಿಗಾಲವಿಡೀ ಹೆಣ ಸಿಗಲಿಲ್ಲ, ಚಳಿಗಾಲವಿಡೀ ಅವನು ಮೇಜಿನ ಮೇಲೆ ಅವಳ ತಟ್ಟೆ ಇಟ್ಟ, ನೀಲಿ ಅಂಚಿನ ತಟ್ಟೆ, ಚಮಚ, ಒಂದು ತುಂಡು ಬ್ರೆಡ್ಡು, ಆ ಕುರ್ಚಿಯಲ್ಲಿ ಕೂರಲು ಹೋದ ಗೆಳೆಯನನ್ನು ಕೋಟು ಕೈಗೆ ಕೊಟ್ಟು ಹೊರಗೆ ಕಳಿಸಿದ, ವಸಂತದಲ್ಲಿ ಗಡ್ಡೆ ಒಡೆದು ಅಕ್ಕ ಮೇಲೆ ಬಂದ ದಿನ ಮನೆಗೆ ಬಂದವನೇ ತಟ್ಟೆ ತೊಳೆದು ಕಪಾಟಿನಲ್ಲಿಟ್ಟ, ಆಮೇಲೆ ಬದುಕಿದ್ದಷ್ಟು ವರ್ಷ ಸಾವಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಯಾರಾದರೂ ಅಕ್ಕನ ಮಾತೆತ್ತಿದರೆ, ಅವತ್ತು ಅವಳು ನನ್ನ ಬೂಟು ಹಾಕಿಕೊಂಡು ಹೋಗಿದ್ದಳು, ಅವಳಿಗೆ ಅದು ದೊಡ್ಡದಾಗುತ್ತಿತ್ತು ಎನ್ನುತ್ತಿದ್ದನಂತೆ, ಅಷ್ಟೇ ಹೇಳುತ್ತಿದ್ದನಂತೆ.

ಕಟ್, ಎಂದ ಕುನಾಲ್, ಬೂಟು ಅನ್ನೋ ಕಡೆ ಒಂದ್ ಸೆಕೆಂಡ್ ಗ್ಯಾಪ್ ಕೊಡು, ಜನಕ್ಕೆ ಫೀಲ್ ಆಗ್ಲಿ — ಜನಕ್ಕೆ ಆಗಲಿ ಪಾಪ, ಅವಳಿಗಂತೂ ಆಗುತ್ತಿಲ್ಲ, ಓದುವಾಗ ನಾಲಿಗೆಗೆ ಬೂಟಿನ ಚರ್ಮದ ರುಚಿಯೂ ಬರಲಿಲ್ಲ, ಒಂದು ಕಾಲಕ್ಕೆ ಇದೇ ರಷ್ಯನ್ ಮಾಮನನ್ನು ಓದಿ ಮೈಮೇಲೆ ಮುಳ್ಳೆದ್ದು ಯಿಶುನ್‌ನ ತಮ್ಮ ಮನೆಯ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯ ಕಲ್ಲು ಬೆಂಚಿನ ಮೇಲೆ, ಪಕ್ಕದಲ್ಲಿ ತಾತಂದಿರು ಚೈನೀಸ್ ಚೆಸ್ ಕುಟ್ಟುತ್ತಿದ್ದರೂ ಗೊತ್ತಾಗದೆ ಕೂತಿರುತ್ತಿದ್ದಳು, ಸಾವು ಎಂದರೆ ಏನೋ ಭಾರಿ ಎಂದುಕೊಂಡಿದ್ದ ವಯಸ್ಸು, ಕಪ್ಪು ನೇಲ್ ಪಾಲಿಶ್ ಹಚ್ಚಿಕೊಂಡು ಬದುಕಿನ ಅರ್ಥವೇನು ಎಂದು ತಮ್ಮ ವಿಭವನ ತಲೆ ತಿಂದಿದ್ದೇ ತಿಂದಿದ್ದು. ಅಮ್ಮನಿಗೂ ಒಂದು ಕಥೆ ಹೇಳಿದ್ದಳು, ಬೀದಿದೀಪ ಹಚ್ಚುವವನ ಪುಟ್ಟ ಮಗಳ ಕಥೆ, ದಿನಾ ಸಂಜೆ ಅಪ್ಪನ ಹಿಂದೆ ನಡೆಯುತ್ತ ಬೆಳಕಿಲ್ಲದ ಕಿಟಕಿಗಳಿಗೆಲ್ಲ ಶುಭರಾತ್ರಿ ಹೇಳುತ್ತಾಳೆ, ಒಂದು ದಿನ ಒಂದು ಕಿಟಕಿ ಅವಳಿಗೂ ಶುಭರಾತ್ರಿ ಹೇಳುತ್ತದೆ, ಮರುದಿನ ಅಪ್ಪ ಆ ಮನೆಯ ಮುಂದೆ ದೀಪ ಹಚ್ಚಿದರೆ ಗಾಜಿನ ಹಿಂದೆ ಮಗಳು, ರೆಪ್ಪೆ ಮಿಟುಕಿಸುತ್ತಿಲ್ಲ — ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತ ಪೂರ್ತಿ ಕೇಳಿ, ಆ ಮಗು ಮಧ್ಯಾಹ್ನ ಊಟ ಮಾಡಿತ್ತಾ, ಅಂದಳು. ಅಮ್ಮ! ಅದು ಸಿಂಬಲ್! ಅಂದರೆ, ಏನಾದ್ರೂ ಆಗ್ಲಿ, ಅಷ್ಟ್ ಹೊತ್ತು ಬೀದೀಲಿ ಸುತ್ತೋ ಮಗೂಗೆ ಊಟ ಹಾಕೋರು ಯಾರೂ ಇರ್ಲಿಲ್ವಾ ಅಂತ ಕೇಳ್ದೆ, ಎಂದು ಎದ್ದು ಒಳಗೆ ಹೋದಳು, ಶ್ರೀಯಾಳಿಗೆ ಆಗ ಸಿಟ್ಟು ಬಂದಿತ್ತು, ಇಂಥವರಿಗೆ ಸಾಹಿತ್ಯ ಯಾಕೆ ಹೇಳಬೇಕು ಎಂದು, ಆ ಸಿಟ್ಟಾದರೂ ಈಗ ಬರಬಾರದೇ, ಏನೋ ಒಂದು ಬರಬಾರದೇ. ಅಮ್ಮನ ಸಾವು ಯಾವ ಕಥೆಯಂತೆಯೂ ಇರಲಿಲ್ಲ, ಯಾರೂ ಒಲೆಯ ಪಕ್ಕ ಬಂದು ಕೂರಲಿಲ್ಲ, ಹೊಟ್ಟೆನೋವು ಎಂದಳು, ಸ್ಕ್ಯಾನ್ ಎಂದರು, ಮಳೆಗಾಲದ ಆರಂಭಕ್ಕೆ ಆಸ್ಪತ್ರೆ ಸೇರಿದಳು, ಅಲ್ಲಿನ ಸೂಪು ಸಪ್ಪೆ ಎಂದು ಗೊಣಗಿದಳು, ಒಂದು ಸಂಜೆ ನರ್ಸ್ ಬಂದು ಪರದೆ ಎಳೆದಳು, ಪರದೆಯ ಹಿಂದೆ ನಿಜವಾಗಿ ಇದ್ದದ್ದು ಅಮ್ಮ, ಮಂಚ, ಅರ್ಧ ತಿಂದ ಜೆಲ್ಲಿ. ಶ್ರೀಯಾ ಆ ಜೆಲ್ಲಿಯ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡಳು.

ಅತ್ತುಬಿಡಮ್ಮ, ಒಳ್ಗೆ ಇಟ್ಕೋಬಾರ್ದು, ಎಂದು ಪಕ್ಕದ ಮನೆಯ ಉಮಾ ಆಂಟಿ ಬೆನ್ನು ಸವರಿದ್ದೇ ಸವರಿದ್ದು, ಅವಳು ಅಳದೆ ಇದ್ದದ್ದಕ್ಕೆ ಬಂದವರಿಗೇ ಮುಜುಗರ, ಹುಡುಗಿ ಶಾಕ್‌ನಲ್ಲಿದೆ ಎಂದು ಒಬ್ಬರು, ಇಲ್ಲೇ ಬೆಳೆದವಲ್ಲ ಈ ಮಕ್ಕಳು ಹೀಗೇನೇ ಎಂದು ಇನ್ನೊಬ್ಬರು, ಎರಡೂ ಅವಳ ಕಿವಿಗೆ ಬಿತ್ತು, ಎರಡೂ ಸರಿಯಿರಬಹುದು ಎನ್ನಿಸಿತು, ಅಷ್ಟೇ ಎನ್ನಿಸಿತು — ಆಮೇಲೆ ಆಫೀಸಿಗೆ ಹತ್ತಿರ ಎಂಬ ನೆಪದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು ಶಿಫ್ಟ್ ಆದಳು, ಯಿಶುನ್‌ನ ಮನೆಯಲ್ಲಿ ಈಗ ಅಪ್ಪ ಮತ್ತು ವಿಭವ್, ವಿಭವ್ ಬೆಳಗ್ಗೆ ಉಬಿಯ ವರ್ಕ್‌ಶಾಪಿಗೆ ಹೋದರೆ ಸಂಜೆಯ ತನಕ ಅಪ್ಪ ಒಬ್ಬರೇ, ಅಶ್ವತ್ಥನಾರಾಯಣ, ಬ್ಯಾಂಕಿನಲ್ಲಿ ಬೇರೆಯವರ ಲೆಕ್ಕದ ತಪ್ಪು ಹುಡುಕಿಯೇ ರಿಟೈರ್ ಆದವರು, ಅಂಗಡಿಯವನು ಕೊಟ್ಟ ಬಿಲ್ಲನ್ನು ಎಸ್ಕಲೇಟರ್ ಮೇಲೂ ಇನ್ನೊಮ್ಮೆ ಕೂಡುವವರು, ಅವರೂ ಅಳಲಿಲ್ಲ, ಬದಲಿಗೆ ತಿಥಿ ಹಿಡಿದುಕೊಂಡರು, ತಿಂಗಳು ತಿಂಗಳೂ ಷಷ್ಠಿ ಬಂತೆಂದರೆ ಮಾಸಿಕ, ವಿಭವ್ ಅರ್ಧ ದಿನ ರಜೆ ಹಾಕಿ ಪಂಚೆ ಉಟ್ಟು ಕೂರುತ್ತಾನೆ, ಉಡುವುದಕ್ಕೆ ಬರುವುದಿಲ್ಲ, ಬೆಲ್ಟ್ ಹಾಕಿಕೊಳ್ಳುತ್ತಾನೆ, ಎಳ್ಳು ನೀರು ಬಿಡುವಾಗ ಯಾವ ಬೆರಳು ಎಂದು ಪ್ರತಿ ಸಲ ಕೇಳುತ್ತಾನೆ, ಬಾಳೆಯೆಲೆ ತುದಿ ಯಾವ ಕಡೆ ಎಂದು ಅಪ್ಪ ಪುರೋಹಿತರನ್ನು ಕೇಳುತ್ತಾರೆ, ಶ್ರೀಯಾ ಗೋಡೆಗೆ ಒರಗಿ ನೋಡುತ್ತಾಳೆ, ಎಲೆಯ ಮೇಲೆ ಬಿಸಿ ಅನ್ನದ ಹಬೆ ಏಳುವುದನ್ನು, ಹಬೆ ನಿಲ್ಲುವುದನ್ನು. ನಾಳೆ ವರ್ಷಾಬ್ದಿಕ, ವರ್ಷ ತುಂಬುವ ಕರ್ಮ, ಪುರೋಹಿತರು ಬುಕ್ ಆಗಿದ್ದಾರೆ, ಅಡುಗೆಯವರು ಬುಕ್ ಆಗಿದ್ದಾರೆ, ಲಿಟಲ್ ಇಂಡಿಯಾದಿಂದ ಬಾಳೆಯೆಲೆ ಬಂದು ಫ್ರಿಜ್ಜಿನಲ್ಲಿದೆ, ಅಮ್ಮನಿಗೆ ಇಷ್ಟ ಎಂದು ಅಪ್ಪ ಮಾಡಿಸುತ್ತಿರುವ ಆಂಬೊಡೆ ನಿಜವಾಗಿ ಅಪ್ಪನಿಗೆ ಇಷ್ಟ, ಇರಲಿ. ನಾಳೆ ಒಂದು ದಿನ ರಜೆ ಬೇಕು ಎಂದು ಕುನಾಲ್‌ಗೆ ಹೇಳಿದ್ದಳು, ಹಾಗಾಗಿ ರಷ್ಯನ್ ಮಾಮ ಇವತ್ತೇ ಮುಗಿಯಬೇಕು.

ಶ್ರೀಯಾ, ಎಂದ ಕುನಾಲ್ ಗಾಜಿನ ಆಚೆಯಿಂದ, ಈ ಸಲ ಬಟನ್ ಒತ್ತಿಕೊಂಡೇ, ಅಕ್ಕ ಹೋದ ಡೇಟ್ ಸ್ಕ್ರಿಪ್ಟಲ್ಲಿ ಒಂದ್ ಕಡೆ ನವೆಂಬರ್ ಎಂಟು ಇದೆ, ಇನ್ನೊಂದ್ ಕಡೆ ಇಪ್ಪತ್ತೊಂದು ಇದೆ, ಯಾವ್ದಾದ್ರೂ ಒಂದ್ ಇಟ್ಕೋ ಕಣೇ, ಕಂಪ್ಲೇಂಟ್ ಬರತ್ತೆ. ಎರಡೂ ಸರಿ ಕಣೋ, ಎಂದಳು ಮೈಕಿನಲ್ಲಿ, ಆವಾಗ ರಷ್ಯಾದಲ್ಲಿ ಹಳೇ ಕ್ಯಾಲೆಂಡರ್ ಇತ್ತು, ಹೊರಗಿನವ್ರಿಗಿಂತ ಹದಿಮೂರು ದಿನ ಹಿಂದೆ, ಅವ್ರಿಗೆ ಎಂಟು, ನಮಗೆ ಇಪ್ಪತ್ತೊಂದು, ಆಮೇಲೆ ಸರ್ಕಾರ ಬದಲಾಗಿ ಕ್ಯಾಲೆಂಡರೂ ಬದಲಾಯ್ತು, ಇವ್ನು ಮಾತ್ರ ಹಳೇ ಲೆಕ್ಕದಲ್ಲೇ ವರ್ಷಾ ವರ್ಷಾ ಕ್ಯಾಂಡಲ್ ಹಚ್ತಿದ್ದ. ಕುನಾಲ್ ತಲೆ ಕೆರೆದುಕೊಂಡ, ಅಂದ್ರೆ ಒಂದು ಸಾವಿಗೆ ಎರಡು ದಿನಾನಾ, ಅಕ್ಕಂಗೆ ಕನ್ಫ್ಯೂಸ್ ಆಗ್ಲಿಲ್ವಾ ಪಾಪ, ಎಂದು ತನ್ನ ಜೋಕಿಗೆ ತಾನೇ ನಕ್ಕ, ಶ್ರೀಯಾಳೂ ನಕ್ಕಳು, ನಗುವ ಹೊತ್ತಿಗೇ ಎಲ್ಲಿಂದಲೋ ಆಸ್ಪತ್ರೆಯ ಕಾರಿಡಾರು ಬಂತು, ಅಪ್ಪ ಕಿಟಕಿಗೆ ಮುಖ ಮಾಡಿ ಫೋನಿನಲ್ಲಿ, ಮೈಸೂರಿನ ಪಟ್ಟಾಭಿರಾಮ ಶಾಸ್ತ್ರಿಗಳ ಜೊತೆ, ಅಪ್ಪನ ಮನೆಯ ಎಲ್ಲ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ದಿನ ನೋಡಿ ಹೇಳುವವರು ಅವರೇ, ಅಪ್ಪ ಡೆತ್ ಸರ್ಟಿಫಿಕೇಟ್ ನೋಡಿಕೊಂಡು ಹೇಳುತ್ತಿದ್ದಾರೆ, ಏಳು ಐವತ್ತು, ಹೌದು ಶಾಸ್ತ್ರಿಗಳೇ, ಇವತ್ತು ಸಾಯಂಕಾಲ ಏಳು ಐವತ್ತು, ಆ ಕಡೆಯಿಂದ ಹಾಳೆ ತಿರುಗಿಸುವ ಸದ್ದು, ಷಷ್ಠಿ ಬಂತು ಅಶ್ವತ್ಥು, ಬರ್ಕೋ — ಏಳು ಐವತ್ತು ಎಲ್ಲಿಯ ಏಳು ಐವತ್ತು, ಇಲ್ಲಿಯದು, ಸಿಂಗಪುರದ್ದು, ಮೈಸೂರಿನಲ್ಲಿ ಆಗ ಐದು ಇಪ್ಪತ್ತು, ಬಿಸಿಲು ಇನ್ನೂ ಇತ್ತು, ಶಾಸ್ತ್ರಿಗಳು ತಮ್ಮೂರಿನ ಪಂಚಾಂಗದಲ್ಲಿ ಏಳು ಐವತ್ತನ್ನು ನೋಡಿದರು, ಅಪ್ಪ ಎರಡೂವರೆ ಗಂಟೆ ಕಳೆಯಲಿಲ್ಲ, ಅವರೂ ಕೇಳಲಿಲ್ಲ, ಶ್ರೀಯಾ ಪಕ್ಕದಲ್ಲೇ ನಿಂತಿದ್ದಳು, ಅವಳಿಗೂ ಹೊಳೆಯಲಿಲ್ಲ. ಕಳೆಯುವವಳು ಯಾವಾಗಲೂ ಅಮ್ಮ, ಅಡುಗೆಮನೆಯ ಗೋಡೆಗೆ ಇಂಡಿಯಾ ಟೈಮಿನ ಒಂದು ಗಡಿಯಾರ ಬೇರೆಯೇ ತಗಲಿಸಿಕೊಂಡಿದ್ದವಳು, ಈಗ್ ಫೋನ್ ಮಾಡ್ಬೇಡಿ ಅಲ್ಲಿನ್ನೂ ಆರು ಗಂಟೆ, ಎದ್ದಿರಲ್ಲ, ಎನ್ನುತ್ತಿದ್ದವಳು, ಆ ಲೆಕ್ಕ ಮನೆಯಲ್ಲಿ ಒಬ್ಬಳಿಗೇ ಬಿಟ್ಟುಕೊಟ್ಟ ಕೆಲಸವಾಗಿತ್ತು, ಆ ಸಂಜೆ ಅವಳೇ ಪರದೆಯ ಹಿಂದೆ ಇದ್ದಳು. ಶ್ರೀಯಾ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

ಲಂಚ್ ಬ್ರೇಕಾ, ಎಂದ ಕುನಾಲ್, ಹೂಂ ಎಂದಳು, ಲಿಫ್ಟಿನಲ್ಲಿ ಇಳಿಯುತ್ತ ಫೋನಿನ ಪಂಚಾಂಗದಲ್ಲಿ ಹೋದ ವರ್ಷದ ಆ ದಿನಕ್ಕೆ ಹೋದಳು, ಬೆರಳು ತಣ್ಣಗಿದೆ, ಲಿಫ್ಟಿನ ಏಸಿ, ಪಂಚಮಿ ಸಂಜೆ ಆರೂವರೆಯ ತನಕ, ಆಮೇಲೆ ಷಷ್ಠಿ, ಭಾರತದ ಸಮಯ ಎಂದು ಕೆಳಗೆ ಚಿಕ್ಕ ಅಕ್ಷರದಲ್ಲಿದೆ, ಅಮ್ಮ ಹೋದದ್ದು ಅಲ್ಲಿನ ಐದು ಇಪ್ಪತ್ತಕ್ಕೆ, ಪಂಚಮಿಯಲ್ಲಿ, ಸಂದೇಹವೇ ಇಲ್ಲ, ನಾಳೆ ಷಷ್ಠಿ, ಇವತ್ತು ಪಂಚಮಿ. ಇವತ್ತು. ಹನ್ನೊಂದು ಮಾಸಿಕವೂ ಒಂದು ದಿನ ತಡ, ಇದನ್ನೆಲ್ಲ ಅವಳು ನಂಬುವುದಿಲ್ಲ, ನಂಬುವುದಿಲ್ಲ ಎಂದು ಹದಿನೈದನೇ ವಯಸ್ಸಿನಲ್ಲೇ ಅಪ್ಪನ ಎದುರು ಸಾರಿ ಹೇಳಿದ್ದಾಳೆ, ಆದರೂ ಲಿಫ್ಟಿನ ಕನ್ನಡಿಯ ಮುಂದೆ ನಿಂತು ಯೋಚಿಸುತ್ತಾಳೆ, ನಂಬುವವರ ಲೆಕ್ಕದಲ್ಲೇ ನೋಡಿದರೆ, ಸತ್ತವರು ತಮ್ಮ ತಿಥಿಗೆ ಸರಿಯಾಗಿ ಬರುತ್ತಾರಂತಲ್ಲ, ಮಧ್ಯಾಹ್ನದ ಹೊತ್ತಿಗೆ, ಹಸಿದುಕೊಂಡು, ಅಂದರೆ ಪ್ರತಿ ತಿಂಗಳೂ ಅಮ್ಮ ಪಂಚಮಿಗೆ ಬಂದಳು, ಬಾಗಿಲು ಹಾಕಿತ್ತು, ಅಪ್ಪ ಟೀವಿ ನೋಡುತ್ತಿದ್ದರು, ವಿಭವ್ ಉಬಿಯಲ್ಲಿದ್ದ, ನಾನು ಆ ಸ್ಪಂಜಿನ ಕೋಣೆಯಲ್ಲಿದ್ದೆ, ಅಮ್ಮ ಸ್ವಲ್ಪ ಹೊತ್ತು ಕಾದು ಹೋದಳು, ಮರುದಿನ ನಾವು ಎಲೆ ಹಾಕಿ ಬಡಿಸಿ ಬಾ ಬಾ ಎಂದು ಕರೆದೆವು, ಯಾರೂ ಬರುವವರಿಲ್ಲದ ಎಲೆಗೆ. ಅಮ್ಮ ಜಗಳ ಮಾಡುವವಳಲ್ಲ, ದಿನ ತಪ್ಪಿದೆ ಎಂದು ಎಬ್ಬಿಸಿ ಹೇಳುವವಳೂ ಅಲ್ಲ. ಈಗ ಅಪ್ಪನಿಗೆ ಹೇಳಿದರೆ ವರ್ಷವಿಡೀ ಹಿಡಿದುಕೊಂಡು ನಿಂತಿದ್ದ ಆ ಒಂದು ಗೂಟವೂ ಕಿತ್ತುಬರುತ್ತದೆ, ಬೇರೆಯವರ ತಪ್ಪು ಹುಡುಕಿದ ಮನುಷ್ಯ ತನ್ನದೇ ಹೆಂಡತಿಯ ದಿನ ತಪ್ಪಾಗಿ ಹಿಡಿದೆ ಎಂದು ತಿಳಿದರೆ ಏನಾಗುತ್ತಾರೋ, ಹೇಳದಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಅಮ್ಮ ಬರುತ್ತಾಳೆ, ಹನ್ನೆರಡನೆಯ ಸಲ ಬಂದು ಹೋಗುತ್ತಾಳೆ. ಲಿಫ್ಟ್ ನೆಲಕ್ಕೆ ಮುಟ್ಟಿತು, ಬಾಗಿಲು ತೆರೆಯಿತು, ಮುಖಕ್ಕೆ ಬಿಸಿಗಾಳಿ ಹೊಡೆಯಿತು.

ಹಾಕರ್ ಸೆಂಟರಿನಲ್ಲಿ, ಸಾಲು ಸಾಲು ಊಟದ ಅಂಗಡಿಗಳ ಮುಂದೆ, ಎಲ್ಲ ಕಡೆ ಕ್ಯೂ, ಕುತ್ತಿಗೆಗೆ ಪಾಸು ನೇತುಹಾಕಿಕೊಂಡ ಜನ ಟಿಶ್ಯೂ ಪ್ಯಾಕೆಟ್ ಇಟ್ಟು ಟೇಬಲ್ ಹಿಡಿದಿದ್ದಾರೆ, ಶ್ರೀಯಾಳಿಗೊಂದು ಉಪಾಯ ಹೊಳೆಯಿತು, ಅಪ್ಪನಿಗೆ ಹೇಳುವುದೇ ಬೇಡ, ಇಲ್ಲೇ, ಒಂದು ಟೇಬಲ್ ಹಿಡಿದು, ಎದುರಿನ ಸ್ಟೂಲಿನ ಮುಂದೆ ಅಮ್ಮನಿಗೆ ಇಷ್ಟವಾದ ಏನಾದರೂ ತಂದಿಟ್ಟು ಕೂರುವುದು, ರಷ್ಯನ್ ಮಾಮ ಮಾಡಿದ ಹಾಗೆ, ಯಾರಿಗೆ ಏನು ಗೊತ್ತಾಗುತ್ತದೆ, ಫ್ರೆಂಡ್ ಬರುತ್ತಾಳೆ ಎಂದುಕೊಳ್ಳುತ್ತಾರೆ — ವೆಜಿಟೇರಿಯನ್ ಅಂಗಡಿಯ ಸಾಲಿನಲ್ಲಿ ನಿಂತಳು, ಸರದಿ ಬಂತು, ಅಂಗಡಿಯ ಆಂಟಿ ಯೆಸ್ ಗರ್ಲ್ ಎಂದಳು, ಶ್ರೀಯಾ ಬಾಯಿ ತೆರೆದಳು, ಅಮ್ಮನಿಗೆ ಏನು ಇಷ್ಟ, ಅಪ್ಪನಿಗೆ ಆಂಬೊಡೆ, ವಿಭವ್‌ಗೆ ಆಲೂಗೆಡ್ಡೆ ಹುಳಿ, ಶ್ರೀಯಾಳಿಗೆ ಅಕ್ಕಿರೊಟ್ಟಿ, ಅದೂ ಅಂಚು ಗರಿಗರಿಯಾಗಿ, ಅಮ್ಮನಿಗೆ ಏನು, ನಿಂಗೇನ್ ಬೇಕು ಅಂದರೆ ಏನಾದ್ರೂ ಆಗತ್ತೆ ಎನ್ನುತ್ತಿದ್ದಳು, ಉಳಿದಿದ್ದು ಆಗತ್ತೆ, ಯೆಸ್ ಗರ್ಲ್, ಎಂದಳು ಅಂಗಡಿಯ ಆಂಟಿ ಇನ್ನೊಮ್ಮೆ, ಹಿಂದಿನವನು ಕೆಮ್ಮಿದ, ಶ್ರೀಯಾ ಸಾರಿ ಎಂದು ಸಾಲಿನಿಂದ ಹೊರಗೆ ಬಂದಳು. ಕಂಬದ ಪಕ್ಕ ನಿಂತಳು, ಅಮ್ಮ ಊಟ ಮಾಡುವುದನ್ನು ನೆನಪಿಸಿಕೊಳ್ಳಲು ನೋಡಿದಳು, ಏನು ತಿನ್ನುತ್ತಿದ್ದಳು ಎಂದಾದರೂ ಕಂಡೀತು — ಮೇಜು ಕಂಡಿತು, ಮೂರು ಕುರ್ಚಿ, ಅಪ್ಪ, ವಿಭವ್, ತಾನು, ಅಮ್ಮ ಬಡಿಸುತ್ತಿದ್ದಾಳೆ, ಅಮ್ಮ ತುಪ್ಪ ತರುತ್ತಿದ್ದಾಳೆ, ಅಮ್ಮ ಕೂತಿಲ್ಲ, ಆಮೇಲೆ ಎಲ್ಲರೂ ಕೈ ತೊಳೆದ ಮೇಲೆ, ಅಡುಗೆಮನೆಯ ಸಿಂಕಿನ ಮುಂದೆ, ಬೆನ್ನು ಈ ಕಡೆಗೆ, ರೈಸ್ ಕುಕ್ಕರಿನ ಒಳಪಾತ್ರೆಯನ್ನು ಎಡಗೈಯ ಸಂದಿಯಲ್ಲಿ ಮಗುವಿನ ಹಾಗೆ ಇಟ್ಟುಕೊಂಡು, ತಳಕ್ಕೆ ಅಂಟಿದ ಅನ್ನಕ್ಕೆ ಉಳಿದ ಸಾರು ಸುರಿದು, ಬಲಗೈಯಲ್ಲಿ ಕಲಸುತ್ತ, ನಿಂತೇ, ಎದುರು ಬ್ಲಾಕಿನ ಒಣಹಾಕಿದ ಬಟ್ಟೆಗಳನ್ನು ನೋಡುತ್ತ, ಬಾಯಿ ಕಾಣುವುದಿಲ್ಲ, ಮೊಣಕೈ ಏಳುವುದು ಇಳಿಯುವುದು ಅಷ್ಟೇ ಕಾಣುತ್ತದೆ. ಎಷ್ಟು ವರ್ಷ ನೋಡಿದ್ದಾಳೆ ಇದನ್ನು, ನೀರು ಕುಡಿಯಲು ಅಡುಗೆಮನೆಗೆ ಹೋದಾಗ, ಫ್ರಿಜ್ಜು ತೆಗೆದಾಗ, ಅಮ್ಮ ಸ್ವಲ್ಪ ಸರಿ ಎಂದಾಗ ಅಮ್ಮ ಪಾತ್ರೆ ಸಮೇತ ಸರಿಯುತ್ತಿದ್ದಳು. ಶ್ರೀಯಾಳಿಗೆ ಏನೋ ಬಂತು, ನೋವಲ್ಲ, ನೋವಿಗೆ ಮುಂಚೆ ಬರುವಂಥದ್ದು, ಅವಳಿಗೆ ಭಯವಾಯಿತು, ಇದನ್ನು ಒಬ್ಬಳೇ ಹೊರಲಾರೆ ಎನ್ನಿಸಿ ಅಪ್ಪನಿಗೆ ಫೋನ್ ಮಾಡಿದಳು.

ಏನಮ್ಮಾ ಪುಟ್ಟಿ, ಊಟ ಆಯ್ತಾ, ಎಂದರು ಅಪ್ಪ, ಹಿಂದೆ ಟೀವಿಯ ಸದ್ದು, ಅವಳು ಸುತ್ತುಬಳಸದೆ ಹೇಳಿಬಿಟ್ಟಳು, ಅಪ್ಪ, ನೀವು ಶಾಸ್ತ್ರಿಗಳಿಗೆ ಹೇಳಿದ್ದು ಇಲ್ಲಿ ಟೈಮು, ಅವ್ರು ನೋಡಿದ್ದು ಅಲ್ಲಿ ಟೈಮು, ಅಮ್ಮ ಹೋಗಿದ್ದು ಷಷ್ಠಿ ಅಲ್ಲ, ಪಂಚಮಿ, ಇವತ್ತು. ಟೀವಿಯ ಸದ್ದು ನಿಂತಿತು. ಅಪ್ಪನ ಉಸಿರು ಕಿವಿಗೆ ಹತ್ತಿರ ಬರುತ್ತಿತ್ತು, ಹೋಗುತ್ತಿತ್ತು, ಎರಡೂವರೆ ಗಂಟೆ, ಎಂದರು ಕೊನೆಗೆ, ಕಳೀಬೇಕಾಗಿತ್ತು ಅಲ್ವಾ, ಛೆ, ಕೌಸಲ್ಯಾ ಇದ್ದಿದ್ರೆ ಹೇಳ್ತಿದ್ಲು — ತಾವು ಹೇಳಿದ್ದು ತಮಗೇ ಕೇಳಿಸಿತೇನೋ, ರಿಮೋಟನ್ನು ಮೇಜಿನ ಮೇಲಿಟ್ಟ ಸದ್ದು ಬಂತು. ಬಿಡಿ ಅಪ್ಪ, ಎಂದಳು ಶ್ರೀಯಾ, ನಾಳೆ ಹೇಗೂ ಮಾಡ್ತೀವಲ್ಲ. ನಾಳೆದು ನಾಳೆ ಆಗ್ಲಿ, ಪುರೋಹಿತರಿಗೆ ಏನಾದ್ರೂ ಪರಿಹಾರ ಇದ್ಯಾ ಕೇಳ್ತೀನಿ, ಎಂದರು ಅಪ್ಪ, ಆದ್ರೆ ಇವತ್ತು ಹೆಂಗಮ್ಮ ಸುಮ್ನೆ ಬಿಡೋದು, ಅವ್ಳ ದಿನ ಅಂತ ಗೊತ್ತಾದ್ಮೇಲೂ, ಬೆಳಗ್ಗೆ ಮಾಡಿದ್ ಅನ್ನ ಇದೆ, ತಿಳಿಸಾರಿದೆ, ಬಾಳೆಯೆಲೆ ನಾಳೆಗೆ ಲೆಕ್ಕ ಮಾಡಿ ತಂದಿರೋದು, ಬೇಡ, ಮನೆಯವ್ಳಿಗೇ ಅಲ್ವಾ, ಅವ್ಳ ತಟ್ಟೇಲೇ ಬಡಿಸಿ ಫೋಟೋ ಮುಂದೆ ಇಡ್ತೀನಿ, ಇರು, ಫೋನ್ ಇಡ್ಬೇಡ, ನನ್ ಜೊತೇಲೇ ಇರು. ಚಪ್ಪಲಿ ಎಳೆದ ಸದ್ದು, ಅಡುಗೆಮನೆಯ ಕಪಾಟು ತೆರೆದ ಸದ್ದು, ಸ್ಟೀಲಿಗೆ ಸ್ಟೀಲು ತಾಗಿದ ಸದ್ದು, ಮೈಸೂರಿನಿಂದ ಹೆಸರು ಕೊರೆಸಿಕೊಂಡು ತಂದ ಊಟದ ತಟ್ಟೆಗಳು, ವಿಭವ್ ಹುಟ್ಟಿದ ವರ್ಷ ತಂದದ್ದು, ಆರ್ಡರ್ ಕೊಟ್ಟವಳು ಅಮ್ಮನೇ, ಅಪ್ಪ ಕನ್ನಡಕ ಇಲ್ಲದೆ ಬೆಳಕಿಗೆ ಹಿಡಿದು ಓದುತ್ತಿರಬೇಕು, ಅಶ್ವತ್ಥನಾರಾಯಣ, ಇದು ನಂದು, ಎಂದರು, ಇನ್ನೊಂದು ಸದ್ದು, ವಿಭವ್, ಇನ್ನೊಂದು, ಇದು ನಿಂದು, ಶ್ರೀಯಾ ಅಂತ ಎಷ್ಟ್ ಚೆನ್ನಾಗ್ ಕೊರ್ದಿದಾನೆ, ಇನ್ನೂ ಸದ್ದು, ಬೋಗುಣಿ, ಮುಚ್ಚಳ, ಇನ್ನೊಂದು ಮುಚ್ಚಳ. ಶ್ರೀಯಾ ಕಂಬವನ್ನು ಹಿಡಿದುಕೊಂಡಳು, ಬೇಡ ಅಪ್ಪ, ಹುಡುಕಬೇಡಿ ಎನ್ನಬೇಕು, ಅಮ್ಮ ಸರಿಯುತ್ತಿದ್ದಾಳೆ, ಪಾತ್ರೆ ಸಮೇತ, ಮೊಣಕೈ ಏಳುತ್ತದೆ, ಇಳಿಯುತ್ತದೆ, ಕಪಾಟಿನ ಇನ್ನೊಂದು ಬಾಗಿಲು ತೆರೆದ ಸದ್ದಾಯಿತು, ಪುಟ್ಟಿ, ಎಂದರು ಅಪ್ಪ, ದನಿ ಏನೋ ಆಗಿತ್ತು, ಎಲ್ಲಾ ನೋಡ್ದೆ ಕಣಮ್ಮ, ಅಮ್ಮನ ತಟ್ಟೆ ಯಾವ್ದು — ಅಮ್ಮನ ಬೆನ್ನು, ಎಡಗೈಯ ಸಂದಿಯಲ್ಲಿ ಕುಕ್ಕರಿನ ಒಳಪಾತ್ರೆ — ಪುಟ್ಟಿ, ಕೇಳಿಸ್ತಿದ್ಯಾ, ಅಮ್ಮ ಯಾವ್ದ್ರಲ್ಲಿ ಊಟ ಮಾಡ್ತಿದ್ಲು — ಸಿಂಕಿನ ಮುಂದೆ ಅಮ್ಮನ ಬೆನ್ನು, ಎಡಗೈಯ ಸಂದಿಯಲ್ಲಿ ಪಾತ್ರೆ, ನಿಂತೇ — ಅಮ್ಮನ ಬೆನ್ನು, ನಿಂತೇ